ಮಂಚ ಸರಿಸುವ ಚಟ

ಹೋದ ವಾರ ನಮ್ಮ ಮನೆಗೆ ಟೈಲ್ಸ್ ಹಾಕುವವನೊಬ್ಬ ಅಳತೆ ತೆಗೆಯಲು ಬಂದಿದ್ದ. ಹಾಕಿಸುವುದು ನಿಶ್ಚಯವೇನೂ ಆಗಿಲ್ಲ, ಸುಮ್ಮನೆ ಒಂದು ಅಂದಾಜಿಗೆ ಕರೆಸಿದ್ದೆವು. ನಡುಮನೆ ಈಗ ಖಾಲಿ ಖಾಲಿಯಾಗಿದ್ದು ನೆಲ ಪೂರ್ತಿ ಕಾಣುತ್ತದೆ. ಟೇಪು ಹಿಡಿದು ಕುಕ್ಕರುಗಾಲಲ್ಲಿ ಕೂತ ಆತ ಅಳತೆ ಮರೆತು ನೆಲವನ್ನೇ ನೋಡತೊಡಗಿದ. ನಮ್ಮದು ಹಳೆಯ ಕೆಂಪು ಸಿಮೆಂಟಿನ ನೆಲ. ಅದರ ತುಂಬ ಉದ್ದ ಗೀರುಗಳು, ಬಾಗಿದ ಗೀರುಗಳು, ಒಂದರ ಮೇಲೊಂದು ಹಾದುಹೋದ ಗೀರುಗಳು. ಆತ ಬೆರಳಿನಿಂದ ಒಂದನ್ನು ಉಜ್ಜಿ ನೋಡಿ, "ಅಮ್ಮಾರೆ, ಇಲ್ಲಿ ಮೊದ್ಲು ಏನಾರ ಮಷೀನು ಇತ್ತೇನ್ರಿ?" ಎಂದು ಕೇಳಿದ.

"ಹೂನಪ್ಪ, ಹಿಟ್ಟಿನ ಗಿರಣಿ ಇತ್ತು" ಎಂದುಬಿಟ್ಟೆ.

ಸುಳ್ಳು. ನಮ್ಮ ಎರಡೂ ಕಡೆಯ ಮನೆತನದಲ್ಲಿ ಯಾರೂ ಗಿರಣಿ ಇಟ್ಟವರಲ್ಲ. ನೆಲದ ನಾಲ್ಕು ಗೀರಿಗೆ ಹೆದರಿ, ಐವತ್ತು ದಾಟಿದ ಹೆಂಗಸು ಇಲ್ಲದ ಗಿರಣಿಯೊಂದನ್ನು ಹುಟ್ಟಿಸಬೇಕಾಯಿತು. ಆತ ತಲೆಯಾಡಿಸಿ, "ಅದ್ಕೇ ಅನ್ರಿ. ಯಾಕೆ ನಿಲ್ಸಿದ್ರಿ?" ಎಂದ. ಕರೆಂಟು ಬಿಲ್ಲು ಜಾಸ್ತಿ ಬರುತ್ತಿತ್ತು ಎಂದು ಇನ್ನೊಂದು ಸುಳ್ಳು ಸೇರಿಸಿ ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ನುಸುಳಿಕೊಂಡೆ.

ನಿಜ ಏನೆಂದರೆ ಆ ಗೀರುಗಳೆಲ್ಲ ನನ್ನವು. ಮಂಚ, ಬೀರು, ಹೊಲಿಗೆ ಮಷೀನು, ಅಕ್ಕಿ ಡ್ರಮ್ಮು, ಹೀಗೆ ಈ ಮನೆಯಲ್ಲಿ ಎತ್ತಲಾಗದ್ದನ್ನೆಲ್ಲ ನಾನು ಎಳೆದಾಡಿದ್ದೇನೆ. ಯಾರೂ ಹೇಳದೆ, ಯಾವ ಅಗತ್ಯವೂ ಇಲ್ಲದೆ. ಒಂದು ಸಾಮಾನು ಹೆಚ್ಚು ದಿನ ಒಂದೇ ಜಾಗದಲ್ಲಿದ್ದರೆ ನನ್ನ ಅಂಗೈ ತುರಿಸತೊಡಗುತ್ತದೆ. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು, ಕೆಲವರಿಗೆ ಪಕ್ಕದ ಮನೆಯ ಸುದ್ದಿಯದು. ನನಗೆ ಇದು.

ಹೇಳಿಕೊಳ್ಳಲು ನಾಚಿಕೆ ಯಾಕೆಂದರೆ, ಬದಲಾವಣೆ ಬೇಕು ಎನ್ನುವವರು ಸಾಮಾನ್ಯವಾಗಿ ದೊಡ್ಡದನ್ನೇ ಬಯಸುತ್ತಾರೆ. ಊರು ಬಿಡುತ್ತಾರೆ, ಕೆಲಸ ಬಿಡುತ್ತಾರೆ, ಕಡೇಪಕ್ಷ ಉದ್ದ ಜಡೆಯನ್ನಾದರೂ ಕತ್ತರಿಸಿಕೊಳ್ಳುತ್ತಾರೆ. ಅಂಥವರನ್ನು ಜನ ಧೈರ್ಯವಂತರು ಎನ್ನುತ್ತಾರೆ. ಬೀರು ಬಾಗಿಲಿನ ಬಲಕ್ಕಿರುವುದು ಬೇಡ, ಎಡಕ್ಕೆ ಬರಲಿ ಎಂದು ಆಸೆಪಡುವವಳಿಗೆ ಏನನ್ನುತ್ತಾರೆ? ನಮ್ಮ ಕಡೆ ಅದಕ್ಕೆ "ತಿಂದದ್ದು ಅರಗಿಲ್ಲ" ಎನ್ನುತ್ತಾರೆ.

ಇದು ಶುರುವಾದದ್ದು ಎಲ್ಲಿಂದ ಎಂದು ಯೋಚಿಸಿದಾಗಲೆಲ್ಲ ಮೊಳಕಾಲ್ಮೂರಿನ ನಮ್ಮ ಮಗ್ಗದ ಮನೆ ಕಣ್ಣಿಗೆ ಬರುತ್ತದೆ. ಮಗ್ಗದ ಮನೆ ಎಂದರೆ ಮನೆಯೊಳಗೆ ಮಗ್ಗ ಇರುವುದಲ್ಲ, ಮಗ್ಗ ಬಿಟ್ಟು ಉಳಿದ ಜಾಗದಲ್ಲಿ ಮನೆಯವರು ಇರುವುದು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ತುಳಿಯುತ್ತ ನೇಯಬೇಕು. ಗುಂಡಿಯನ್ನು ಯಾರು ಸರಿಸುತ್ತಾರೆ? ಅದು ಇದ್ದಲ್ಲೇ ಇತ್ತು. ಅದರಿಂದಾಗಿ ನಮ್ಮ ಒಲೆ, ಹಾಸಿಗೆ ಸುರುಳಿ, ದೇವರ ಪಟ, ನನ್ನ ಶಾಲೆಯ ಚೀಲ ಎಲ್ಲವೂ ಇದ್ದಲ್ಲೇ ಇದ್ದವು. ಮನೆಯೊಳಗೆ ನಮ್ಮದು ತೆಲುಗು, ಅಪ್ಪನಿಗೆ ನಾಯನ ಎನ್ನುತ್ತಿದ್ದೆವು. ನಾಯನ ರೇಷ್ಮೆಯ ಮೇಲಿನ ಕಣ್ಣು ತೆಗೆಯದೆ ಬಲಗೈ ಚಾಚಿದರೆ ನೀರಿನ ಚೊಂಬು, ಎಡಗೈ ಚಾಚಿದರೆ ನೂಲು ಸುತ್ತಿದ ಕಂಡಿಕೆಗಳ ಪುಟ್ಟಿ ಸಿಗಬೇಕು. ಸಿಗುತ್ತಿತ್ತು ಕೂಡ. ನಮ್ಮ ಮನೆಯಲ್ಲಿ ಕಣ್ಣಿಗಿಂತ ಕೈಗೇ ಹೆಚ್ಚು ದಾರಿ ಗೊತ್ತಿತ್ತು.

ಒಂದು ಮಧ್ಯಾಹ್ನ ನಾಯನ ಊಟಕ್ಕೆ ಎದ್ದಿದ್ದಾಗ ನಾನು ಆ ಚೊಂಬನ್ನು ಕಿಟಕಿಯ ಕಡೆಗೆ ಸರಿಸಿದೆ. ಅಲ್ಲಿ ಬಿಸಿಲು ಬಿದ್ದರೆ ಹಿತ್ತಾಳೆ ಚೆನ್ನಾಗಿ ಹೊಳೆಯುತ್ತದೆ ಎಂಬುದಷ್ಟೇ ನನ್ನ ಉದ್ದೇಶ. ಖಾಲಿಯಾದ ಜಾಗಕ್ಕೆ ಏನಾದರೂ ಬೇಕಲ್ಲ ಎಂದು, ಅಮ್ಮ ತಲೆ ತೊಳೆದುಕೊಳ್ಳಲು ಸೀಗೆಪುಡಿ ಕಲಸಿಟ್ಟಿದ್ದ ಚೊಂಬನ್ನು ತಂದು ಇಟ್ಟೆ. ನಾಯನ ಊಟ ಮುಗಿಸಿ ಬಂದು ಕೂತರು. ಸ್ವಲ್ಪ ಹೊತ್ತು ನೇಯ್ದರು. ಕಣ್ಣು ತೆಗೆಯದೆ ಕೈ ಚಾಚಿ, ಚೊಂಬೆತ್ತಿ, ಒಂದು ದೊಡ್ಡ ಗುಟುಕು ಬಾಯಿಗೆ ಬಿಟ್ಟುಕೊಂಡರು. ಮುಂದೆ ಮುಕ್ಕಾಲು ಮುಗಿದ ರೇಷ್ಮೆ ಸೀರೆ ಇದೆ, ಉಗುಳುವ ಹಾಗಿಲ್ಲ. ಕಾಲು ಗುಂಡಿಯೊಳಗಿದೆ, ಎದ್ದು ಓಡುವ ಹಾಗೂ ಇಲ್ಲ. ಹಾಗಾಗಿ ನುಂಗಿದರು.

"ಈಡ ಎವರು ಪೆಟ್ಟಿನಾರು ಇದಿ?" ಎಂದು ಮೆಲ್ಲಗೆ ಕೇಳಿದರು. ಇಲ್ಲಿ ಇದನ್ನು ಇಟ್ಟವರು ಯಾರು ಎಂದು. ಬೈಯಲಿಲ್ಲ. ಅವರ ಮೀಸೆಯ ತುದಿಯಲ್ಲಿ ಸಣ್ಣಗೆ ನೊರೆ ಇತ್ತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಬಾಗಿಲ ಹಿಂದೆ ನಿಂತು ಅತ್ತೆ. ಆದರೆ ಒಂದು ವಿಚಿತ್ರ ಕೇಳಿ. ಅಳುವಾಗಲೂ ಬಿಸಿಲಲ್ಲಿ ಹೊಳೆಯುತ್ತಿದ್ದ ಆ ನೀರಿನ ಚೊಂಬನ್ನೇ ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು.

ಇನ್ನೊಮ್ಮೆ ಶಾಲೆಯವರು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದರು. ಬಂಡೆಯ ಮೇಲಿನ ಹಳೆಯ ಅಕ್ಷರಗಳನ್ನು ತೋರಿಸುತ್ತ ಮೇಷ್ಟ್ರು, ಇದು ಸಾವಿರಾರು ವರ್ಷಗಳಿಂದ ಇಲ್ಲೇ ಇದೆ, ಕದಲಿಲ್ಲ ಎಂದು ಅಭಿಮಾನದಿಂದ ಹೇಳಿದರು. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಮಾತ್ರ, ಇದನ್ನು ಸ್ವಲ್ಪ ಬಲಕ್ಕೆ ತಿರುಗಿಸಿದ್ದರೆ ಮೇಷ್ಟ್ರ ತಲೆಗೆ ಬಿಸಿಲು ಹೊಡೆಯುತ್ತಿರಲಿಲ್ಲವಲ್ಲ ಎಂದುಕೊಂಡೆ. ಆ ವಯಸ್ಸಿನಲ್ಲೇ ಕೆಟ್ಟಿದ್ದೆ.

ಮದುವೆಯಾಗಿ ಚಳ್ಳಕೆರೆಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗಂಡನ ಮುಖವಲ್ಲ, ಮಂಚದ ಕಾಲುಗಳು. ಈ ಮನೆಯ ಸಾಮಾನುಗಳಿಗೆ ಕಾಲಿದ್ದವು. ಗುಂಡಿ ಇರಲಿಲ್ಲ. ಗಂಡನ ಮನೆಯವರು ನಮ್ಮ ಜಾತಿಯವರೇ ಆದರೂ ಮಗ್ಗ ಬಿಟ್ಟು ಹೊಲ ಹಿಡಿದು ತಲೆಮಾರುಗಳಾಗಿ, ಮನೆಮಾತೂ ಕನ್ನಡವಾಗಿತ್ತು. ಅತ್ತೆ ತಳಕಿನ ಕಡೆಯವರು, ಹೊಲದಲ್ಲಿ ಶೇಂಗಾ ಕಿತ್ತು ಬೆಳೆದ ಗಟ್ಟಿ ಹೆಂಗಸು. ನಮ್ಮವರು ಇಲ್ಲೇ ಒಂದು ಎಣ್ಣೆ ಮಿಲ್ಲಿನಲ್ಲಿ ತೂಕ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಸಂಜೆ ಅವರು ಮನೆಗೆ ಬರುವ ಮುಂಚೆ ಅವರ ಅಂಗಿಯ ಶೇಂಗಾ ಎಣ್ಣೆ ವಾಸನೆ ಬರುತ್ತಿತ್ತು. ಮನೆಯೋ ರೈಲು ಡಬ್ಬಿಯ ಹಾಗೆ, ಮುಂದಿನ ಕೋಣೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು.

ನನ್ನ ಕೆಲಸ ನಡೆಯುತ್ತಿದ್ದುದು ಮಧ್ಯಾಹ್ನ. ಅವರು ಮಿಲ್ಲಿಗೆ ಹೋಗಿ, ಅತ್ತೆ ಪಕ್ಕದ ಮನೆಯ ಕಟ್ಟೆಗೆ ಹೋದ ಮೇಲೆ, ಬಾಗಿಲು ಮುಂದಕ್ಕೆ ತಳ್ಳಿ, ಬೀರುವಿನ ಕಾಲಿನಡಿಗೆ ಒದ್ದೆ ಗೋಣಿಚೀಲ ತೂರಿಸಿ, ಬೆನ್ನು ಕೊಟ್ಟು ತಳ್ಳುವುದು. ಗೋಣಿಚೀಲ ಸದ್ದು ಮಾಡುವುದಿಲ್ಲ. ಆದರೆ ಆತುರ ಯಾರನ್ನು ಬಿಟ್ಟಿದೆ? ಎಷ್ಟೋ ಸಲ ಚೀಲವಿಲ್ಲದೇ ಎಳೆದಿದ್ದೇನೆ. ಆ ಕಿರುಗುಟ್ಟುವ ಸದ್ದಿಗೆ ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಏನ್ರೀ ಅದು ವರಲಕ್ಷ್ಮೀ?" ಎಂದು ಕೂಗುತ್ತಿದ್ದರು. "ಕಸ ಗುಡ್ಸಾಕೆ ಸರ್ಸಿದ್ದೆ ಕಣ್ರಿ" ಎನ್ನುತ್ತಿದ್ದೆ. ಜಿರಳೆ, ಇಲಿ, ಸುಣ್ಣ ಉದುರಿದ್ದು, ವಾಸ್ತು, ಎಲ್ಲ ನೆಪಗಳನ್ನೂ ಬಳಸಿ ಮುಗಿಸಿದ್ದೇನೆ. ನನಗೆ ಸುಮ್ಮನೆ ಬೇಕಿತ್ತು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಅದರಲ್ಲಿ ಏನು ಸುಖವಿದೆ ಎಂದು ಕೇಳುತ್ತೀರಾ? ಮಂಚ ಸರಿಸಿದ ದಿನ ಅದರ ಮೇಲೆ ಮಲಗಿ ನೋಡಿ. ಅದೇ ಫ್ಯಾನು, ಅದೇ ತೊಲೆ, ಅದೇ ಜೇಡರ ಬಲೆ. ಆದರೂ ಬೇರೆ ಊರಿನ ನೆಂಟರ ಮನೆಯಲ್ಲಿ ಮಲಗಿದ ಹಾಗೆ. ಬೆಳಗ್ಗೆ ಎದ್ದು ಕಾಲು ಕೆಳಗಿಟ್ಟಾಗ ಒಂದು ಕ್ಷಣ ನಾನೆಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಆ ಒಂದು ಕ್ಷಣಕ್ಕಾಗಿ ನಾನು ಸೊಂಟ ಹಿಡಿಸಿಕೊಂಡಿದ್ದೇನೆ, ಬೆರಳು ಜಜ್ಜಿಕೊಂಡಿದ್ದೇನೆ, ಎರಡು ಸಲ ಫ್ರಿಜ್ಜಿನ ವೈರು ಕಿತ್ತಿದ್ದೇನೆ. ಅಷ್ಟಕ್ಕೇ ನನ್ನ ಮೈಯೆಲ್ಲ ಹೊಸದಾಗುತ್ತಿತ್ತು. ಹೀಗೆ ಅನ್ನಿಸುವುದು ತಪ್ಪೋ ಏನೋ ಎಂದು ಅದರ ಹಿಂದೆಯೇ ನಾಚಿಕೆಯೂ ಬರುತ್ತಿತ್ತು.

ನಮ್ಮವರು ಇದಕ್ಕೆ ತೆತ್ತದ್ದು ಕಡಿಮೆಯಲ್ಲ. ಒಂದು ಸಂಜೆ ಕರೆಂಟು ಹೋಗಿತ್ತು. ಮಿಲ್ಲಿನಿಂದ ಬಂದವರು ಚಪ್ಪಲಿ ಬಿಟ್ಟು, ಮಾಮೂಲಿನಂತೆ ಬಾಗಿಲ ಪಕ್ಕದ ಕುರ್ಚಿಗೆ ಬೆನ್ನು ಮಾಡಿ ಕೂತರು. ಕುರ್ಚಿಯನ್ನು ನಾನು ಮಧ್ಯಾಹ್ನವೇ ಕಿಟಕಿಯ ಹತ್ತಿರ ಕಳಿಸಿದ್ದೆ. ಆ ಜಾಗದಲ್ಲಿ ಇದ್ದದ್ದು ಮಂಡಕ್ಕಿ ತುಂಬಿದ ಪುಟ್ಟಿ. ಕತ್ತಲೆಯಲ್ಲಿ ದೊಡ್ಡದೊಂದು ಕರಕರ ಸದ್ದಾಯಿತು. ಅವರು ಕೂತಲ್ಲಿಂದಲೇ, "ಒಗ್ಗರಣೆ ಹಾಕೋ ಮುಂಚೆ ಒಂದ್ಸರಿ ಜಾಡ್ಸು" ಎಂದರು. ಅವತ್ತಿನಿಂದ ಅವರು ಮನೆಗೆ ಬಂದರೆ ಕೂರುವ ಮುಂಚೆ ಹಿಂದೆ ಕೈಯಾಡಿಸಿ ನೋಡುತ್ತಾರೆ. ಬೇರೆಯವರ ಮನೆಗೆ ಹೋದಾಗಲೂ ಹಾಗೇ ಮಾಡುವುದನ್ನು ಕಂಡು ನನಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಗಿದೆ. ಮದುವೆಯಾಗಿ ಹೋದ ಮಗಳೂ ಅಷ್ಟೆ. ಫೋನು ಮಾಡಿದರೆ ಮೊದಲು ಕೇಳುವುದು, "ಅಮ್ಮ, ಈಗ ಮನೆ ಯಾವ ಕಡೆಗೆ ತಿರುಗೈತೆ?"

ಅತ್ತೆ ನನಗೆ ಇಟ್ಟ ಹೆಸರು ಮರಿ ಹಾಕಿದ ಬೆಕ್ಕು. "ಬಂತು ನೋಡು ಮರಿ ಹಾಕಿದ ಬೆಕ್ಕು, ಇವತ್ತು ಯಾವ ಮರೀನ ಎಲ್ಲಿಗೆ ಕಚ್ಕಂಡು ಹೋಗ್ತೈತೋ" ಎಂದು ನೆಂಟರ ಮುಂದೆಯೇ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ತಿರುಗಿದ್ದು ಅವರ ಮಂಚವೇ. ಬೇವಿನ ಮರದ ಭಾರದ ಮಂಚ. ಪಾಪ, ನಡುಮನೆಯ ನಾಲ್ಕು ಗೋಡೆಗೂ ಅದು ಅಂಟಿ ಬಂದಿದೆ. ಒಂದು ಮಳೆಗಾಲ ಅಡುಗೆಮನೆಯ ಬಾಗಿಲಿಗೆ, ಒಂದು ಬೇಸಿಗೆ ಅಕ್ಕಿ ಡ್ರಮ್ಮಿನ ಪಕ್ಕಕ್ಕೆ. ಕಟ್ಟೆಯಿಂದ ಬಂದವರು ಬಾಗಿಲಲ್ಲಿ ನಿಂತು, ಮಂಚ ಎಲ್ಲಿದೆ ಎಂದು ಹುಡುಕಿ, ಒಂದು ಸಲ ಬೈದು, ಹೋಗಿ ಮಲಗುತ್ತಿದ್ದರು.

ಮುಂದಿನ ಕೋಣೆಯ ವಿಷಯ ಬೇರೆ. ಅದು ನನ್ನ ಕೆಲಸದ ಜಾಗ. ಮೊಳಕಾಲ್ಮೂರಿನವಳು ಎಂಬ ಒಂದೇ ಕಾರಣಕ್ಕೆ ಚಳ್ಳಕೆರೆಯ ಹೆಂಗಸರು ರೇಷ್ಮೆ ಸೀರೆಗೆ ನನ್ನ ಕೈಯಲ್ಲೇ ಕುಚ್ಚು ಕಟ್ಟಿಸುತ್ತಾರೆ, ಫಾಲ್ ಹೊಲಿಸುತ್ತಾರೆ. ಬ್ಯಾಂಕಿನವರ ಮನೆಯವರು, ಶಾಲೆಯ ಮೇಡಂಗಳು, ಮದುವೆ ಗೊತ್ತಾದ ಮನೆಯವರು ಬರುತ್ತಾರೆ. ಅಲ್ಲಿ ಚಾಪೆ, ಕನ್ನಡಿ, ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒಂದು ಹೂವಿನ ಪಟ. ಅವುಗಳನ್ನೂ ಸುಮ್ಮನೆ ಬಿಟ್ಟವಳಲ್ಲ ಅನ್ನಿ.

ಎರಡು ವರ್ಷದಿಂದೀಚೆಗೆ ಅತ್ತೆಗೆ ಕಣ್ಣು ಮಂಜಾಗುತ್ತ ಬಂತು. ಬಾಗಿಲ ಬೆಳಕು ಮಾತ್ರ ಬೆಳ್ಳಗೆ ಕಾಣುತ್ತದೆ, ಬೇರೇನೂ ಇಲ್ಲ ಎಂದರು. ದುರ್ಗದ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ನರ ಹೋಗಿದೆ, ಇನ್ನು ಬರುವುದಿಲ್ಲ ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಮನೇಲಿ ಯಾವ ಸಾಮಾನನ್ನೂ ಜಾಗ ಬದಲಾಯಿಸಬೇಡಿ. ಕೈಗೆ ರೂಢಿಯಾದರೆ ಅಜ್ಜಿ ತಾವೇ ಓಡಾಡಿಕೊಂಡಿರ್ತಾರೆ. ಸರಿಸಿದಿರೋ, ಬೀಳ್ತಾರೆ" ಎಂದರು. ನಮ್ಮವರು ನನ್ನ ಮುಖ ನೋಡಿದರು. ಡಾಕ್ಟರು ಅವರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಕುಡಿತ ಬಿಡಿಸಲು ಕರೆತಂದವನ ಹಾಗೆ ನಾನು ತಲೆ ತಗ್ಗಿಸಿ ಕೂತಿದ್ದೆ.

ಬಿಟ್ಟೆ. ನಿಜವಾಗಿಯೂ ಬಿಟ್ಟೆ. ಅತ್ತೆ ಬೆಳಗ್ಗೆ ಎದ್ದು ಮಂಚದ ಅಂಚು ಹಿಡಿದು ನಡೆದರೆ ಕುರ್ಚಿಯ ಬೆನ್ನು, ಕುರ್ಚಿ ಬಿಟ್ಟರೆ ಫ್ರಿಜ್ಜು, ಫ್ರಿಜ್ಜು ಬಿಟ್ಟರೆ ಬಾಗಿಲ ಚೌಕಟ್ಟು, ಅಲ್ಲಿಂದ ಅಡುಗೆಮನೆಯ ಗೋಡೆ ಸವರಿಕೊಂಡು ಬಚ್ಚಲು. ಯಾರ ಕೈಯನ್ನೂ ಹಿಡಿಯದೆ ಹೋಗಿ ಬರುತ್ತಿದ್ದರು. ಅದೊಂದು ಅವರಿಗೆ ದೊಡ್ಡ ಮರ್ಯಾದೆಯ ವಿಷಯ. ಆ ದಾರಿ ತಪ್ಪಿದರೆ ಬಚ್ಚಲಿಗೂ ಸೊಸೆಯನ್ನು ಕೂಗಬೇಕು. ಅಷ್ಟು ತಿಳಿಯದವಳಲ್ಲ ನಾನು. ಅಂಗೈ ತುರಿಸಿದಾಗ ಅಡುಗೆಮನೆಯ ಡಬ್ಬಿಗಳನ್ನು ಹಿಂದೆ ಮುಂದೆ ಮಾಡಿ, ಒಂದು ದಿನ ಟೀಗೆ ಉಪ್ಪು ಹಾಕಿ ಸುಮ್ಮನಾದೆ.

ಆದರೆ ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ನಡುಮನೆಯ ಆ ಕುರ್ಚಿಯನ್ನು ಒಂದು ಗೇಣು, ಒಂದೇ ಗೇಣು ಪಕ್ಕಕ್ಕೆ ತಳ್ಳಿದೆ. ಏನೋ ಒಂದು ಹಗುರವಾಯಿತು. ಸ್ವಲ್ಪ ಹೊತ್ತಿಗೆ ಅತ್ತೆ ಎದ್ದರು. ಮಂಚದ ಅಂಚು ಬಿಟ್ಟು ಕೈ ಚಾಚಿದರು. ಕುರ್ಚಿ ಸಿಗಲಿಲ್ಲ. ಕೈ ಗಾಳಿಯಲ್ಲಿ ಆಡಿತು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ, ಓಡಿಹೋಗಿ ಹಿಡಿದುಕೊಂಡರೆ ಸರಿಸಿದ್ದು ನಾನೇ ಎಂದು ಒಪ್ಪಿಕೊಂಡ ಹಾಗೆ. ನೋಡಿ ನನ್ನ ಬುದ್ಧಿ. ಅವರು ಒಂದು ಹೆಜ್ಜೆ ತಡವಿ, ಕುರ್ಚಿ ಹುಡುಕಿಕೊಂಡು ಫ್ರಿಜ್ಜಿನ ಕಡೆ ಹೋದರು.

ಆ ಸಂಜೆ ನನಗೆ ಅನ್ನ ಸೇರಲಿಲ್ಲ. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಕುರ್ಚಿಯನ್ನು ಸದ್ದಿಲ್ಲದೆ ಹಳೆಯ ಜಾಗಕ್ಕೆ ತಂದಿಟ್ಟೆ. ಪಾಪ ತೊಳೆದುಕೊಂಡೆ ಎಂದುಕೊಂಡು ಹಾಲು ಕಾಯಿಸಲು ಹೋದೆ. ಅತ್ತೆ ಎದ್ದರು. ಅವರ ಕೈ ನೇರವಾಗಿ ಹೋದದ್ದು ನಿನ್ನೆಯ ಜಾಗಕ್ಕೆ. ಒಂದೇ ಸಲಕ್ಕೆ ಕಲಿತಿದ್ದರು. ಅಲ್ಲಿ ಕುರ್ಚಿ ಇರಲಿಲ್ಲ. ಮುಂದಕ್ಕೆ ವಾಲಿ ಫ್ರಿಜ್ಜಿಗೆ ಭುಜ ಹೊಡೆದುಕೊಂಡು ನಿಂತರು. ಓಡಿಹೋಗಿ ಹಿಡಿದುಕೊಂಡೆ.

"ನಿನ್ನೆ ಸರ್ಸಿದ್ದೆ" ಎಂದರು ಸುಧಾರಿಸಿಕೊಂಡು. "ಇವತ್ತು ಯಾಕೆ ಹಿಂದಕ್ಕಿಟ್ಟೆ?"

"ಕಸ ಗುಡ್ಸಾಕೆ..."

"ಮದ್ವೆ ಆಗಿ ಬಂದಾಗಿಂದ ಕಸ ಗುಡ್ಸಾಕೆ ಅಂತೀಯ. ಅಷ್ಟು ಕಸ ಈ ಮನ್ಯಾಗೆ ಇದ್ದಿದ್ರೆ ಗೊಬ್ಬರ ಮಾಡಿ ಇನ್ನೊಂದು ಹೊಲ ಬೆಳೀಬಹುದಿತ್ತು."

ಅವರನ್ನು ಮಂಚಕ್ಕೆ ಕರೆತಂದು ಕೂರಿಸಿದೆ. ಹೋಗಲು ತಿರುಗಿದರೆ ಸೆರಗು ಹಿಡಿದರು.

"ನಿನ್ನೆ ಕುರ್ಚಿ ಸಿಗ್ಲಿಲ್ಲ ನೋಡು, ಒಂದೀಟು ಗಾಬ್ರಿ ಆತು. ಆಮ್ಯಾಲೆ ಸಿಕ್ತು. ಸಿಕ್ಕಾಗ ಏನೋ ಒಂಥರ ಖುಷಿ ಆತು ಕಣೆ. ದಿನಾ ಇದೇ ಅಂಚು, ಇದೇ ಕುರ್ಚಿ, ಇದೇ ತಣ್ಣನೆ ಫ್ರಿಜ್ಜು. ಕಣ್ಣಿದ್ದಾಗ ಕಟ್ಟೆಗಾದ್ರೂ ಹೋಗ್ತಿದ್ದೆ. ನಂಗೂ ಬ್ಯಾಸರ ಆಗೈತೆ. ಮಂಚ ಸರ್ಸು."

ನನಗೆ ನಂಬಿಕೆಯಾಗಲಿಲ್ಲ. "ಡಾಕ್ಟ್ರು ಬ್ಯಾಡ ಅಂದವ್ರಲ್ರಿ ಅತ್ತೆ."

"ಡಾಕ್ಟ್ರು ಬಂದು ಇಲ್ಲಿ ಮಲಗ್ತಾನೇನು?"

ಒಳಗೊಳಗೇ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲು ನಾಚಿಕೆ. ಇಷ್ಟು ವರ್ಷ ಬೈದವರು ಕೊನೆಗೂ ನನ್ನ ಚ‌ಟಕ್ಕೆ ಬಂದರು, ನಾನು ಅಂದುಕೊಂಡಷ್ಟು ಕೆಟ್ಟವಳಲ್ಲ ಎಂದುಕೊಂಡೆ. "ಕಿಟಕಿ ಕಡೆಗೆ ಹಾಕ್ಲಾ? ಇಲ್ಲ, ಈ ಕಡೆ ಗೋಡೆಗೆ ತಿರುಗ್ಸಿದ್ರೆ ಗಾಳಿ ಚೆನ್ನಾಗಿ ಬರ್ತೈತೆ" ಎಂದು ಆಗಲೇ ಲೆಕ್ಕ ಹಾಕತೊಡಗಿದ್ದೆ.

"ಇಲ್ಲಿನ ಗೋಡೆ ಎಲ್ಲಾ ಆಗೈತೆ. ಮುಂದ್ಲ ಕೋಣೆಗೆ ಹಾಕು."

ನಾನು ಮಂಚದ ಮೇಲಿನ ಕೌದಿ ಮಡಿಸತೊಡಗಿದೆ.

"ಯಾಕೆ, ಅಲ್ಲಿ ಗೋಡೆ ಇಲ್ಲೇನು?"

"ಹಂಗಲ್ಲ ಅತ್ತೆ... ಅಲ್ಲಿ ಜನ ಬರ್ತಾರೆ. ನಿಮಗೆ ನಿದ್ದೆ ಕೆಡ್ತೈತೆ."

"ಜನ ಬರ್ತಾರೆ ಅಂತ್ಲೇ ಕೇಳ್ತಿರಾದು. ಬರೋರ ಮಾತು ಕಿವಿಗೆ ಬೀಳ್ತೈತೆ, ಬೀದ್ಯಾಗೆ ಹೋಗೋ ಬಸ್ಸಿನ ಸದ್ದು ಕೇಳ್ತೈತೆ." ಆಮೇಲೆ ಕೋಪವೇನೂ ಇಲ್ಲದ ದನಿಯಲ್ಲಿ ಹೇಳಿದರು. "ಇಷ್ಟು ವರ್ಷ ನನ್ನ ಮಂಚ ಎಳೆದಾಡಿದ್ಯಲ್ಲ ವರಲಕ್ಷ್ಮಿ. ಎಲ್ಲಿ ಬೇಕು ಅಂತ ಒಂದಿನ ನನ್ನ ಕೇಳಿದ್ದೇನು?"

ಕೇಳಿರಲಿಲ್ಲ. ಅವರನ್ನಷ್ಟೇ ಅಲ್ಲ, ಯಾರನ್ನೂ ಕೇಳಿರಲಿಲ್ಲ. ಅದು ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಆಗ ನನಗೆ ಹೊಳೆಯಿತು. ಈ ಮನೆಯಲ್ಲಿ ಎಲ್ಲವನ್ನೂ ಎಲ್ಲ ಕಡೆಗೂ ಸರಿಸಿದವಳು ಅವರ ಮಂಚವನ್ನು ಮಾತ್ರ ಆ ಒಂದು ಬಾಗಿಲು ದಾಟಿಸಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಎಲೆ ಅಡಿಕೆಯ ಕೆಂಪು ಬಾಯಿ, ಮಾಸಿದ ಕೌದಿ, ಬಂದವರನ್ನೆಲ್ಲ ಯಾರು ಏನು ಎಂದು ವಿಚಾರಿಸುವ ಒರಟು ಮಾತು, ಇವೆಲ್ಲ ಬ್ಯಾಂಕಿನವರ ಮನೆಯವರ ಕಣ್ಣಿಗೆ ಬೀಳಬಾರದು. ಯಾರೂ ಅದನ್ನು ನನಗೆ ಹೇಳಿಕೊಟ್ಟಿರಲಿಲ್ಲ. ನಾನೇ ಅತ್ತೆಯನ್ನು ಮರೆಮಾಡಿಕೊಂಡು ಬಂದಿದ್ದೆ. ಇಷ್ಟು ದಿನ ಚಟದ ಬಗ್ಗೆ ನಾಚಿಕೆಪಟ್ಟದ್ದೆಲ್ಲ ಬರೀ ಒನಪು. ನಾಚಿಕೆಪಡಬೇಕಾದ್ದು ಸರಿಸಿದ್ದಕ್ಕಲ್ಲ, ಸರಿಸದೇ ಬಿಟ್ಟದ್ದಕ್ಕೆ.

"ಅಲ್ಲಿಂದ ಬಚ್ಚಲು ದೂರ ಆಗ್ತೈತೆ" ಎಂದೆ. ಅದೊಂದು ಮಾತು ನಿಜವಾಗಿತ್ತು. "ದಾರಿ ಮೊದ್ಲಿಂದ ಕಲೀಬೇಕು. ಬಿದ್ರೆ?"

"ಎರಡು ದಿನ ಕೈ ಹಿಡ್ಕ. ಆಮ್ಯಾಲೆ ನಾನೇ ಹೋಗ್ತೀನಿ. ಬಿದ್ರೆ ನಾನು ಬೀಳ್ತೀನಿ, ನಿನ್ನ ಬೀರು ಬೀಳಲ್ಲ."

ಸಂಜೆ ನಮ್ಮವರು ಬಂದ ಮೇಲೆ ಇಬ್ಬರೂ ಸೇರಿ ಮಂಚವನ್ನು ಅಡ್ಡ ತಿರುಗಿಸಿ ಬಾಗಿಲು ದಾಟಿಸಿದೆವು. ಅತ್ತೆ ಸುಮ್ಮನೆ ಕೂರಲಿಲ್ಲ. ಒಂದು ಕಾಲು ಹಿಡಿದು ತಾವೂ ತಳ್ಳಿದರು, ತಳ್ಳಿದ್ದಕ್ಕಿಂತ ಹೆಚ್ಚು ಗದರಿದರು. ಹೊಸ ಜಾಗದಲ್ಲಿ ಕೂತು ಎರಡೂ ಕೈಯಿಂದ ಗೋಡೆ ಸವರಿ, ಕಿಟಕಿಯ ಸರಳು ಸಿಕ್ಕಿದ್ದಕ್ಕೆ ಅದನ್ನೇ ಹಿಡಿದುಕೊಂಡರು. ನಮ್ಮವರು ಅವತ್ತು ಕುರ್ಚಿಗೆ ಹೋಗಲಿಲ್ಲ, ಮಂಚದ ಮೇಲೆ ತಾಯಿಯ ಪಕ್ಕ ಕೂತರು. ಕೂರುವ ಮುಂಚೆ ಹಿಂದೆ ಕೈಯಾಡಿಸಿ ನೋಡಿಕೊಂಡರು ಎಂಬುದು ಬೇರೆ ಮಾತು. ಆಮೇಲೆ ತಾಯಿ ಮಗ ಯಾವುದೋ ಹಳೆಯ ಎತ್ತಿನ ವಿಷಯ ಬಹಳ ಹೊತ್ತು ಮಾತಾಡಿದರು. ಅವರು ಹಾಗೆ ಮಾತಾಡಿದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

ಮರುದಿನ ಬೆಳಗ್ಗೆಯೇ ಶಾಲೆಯ ಮೇಡಂ ಒಬ್ಬರು ತಂಗಿಯ ಮದುವೆಯ ಸೀರೆ ತಂದರು. ಅವರು ಗೇಟು ತೆಗೆದ ಸದ್ದು ಕೇಳಿದ್ದೇ ತಡ, ನಾನು ಏನು ಮಾಡಿದೆ ಎಂದು ಹೇಳುವುದಕ್ಕೆ ಬಾಯಿ ಬರುತ್ತಿಲ್ಲ. ನಿನ್ನೆ ಅಷ್ಟೆಲ್ಲ ಆಗಿದ್ದರೂ, ಅತ್ತೆ ಎಲೆ ಅಡಿಕೆ ಉಗುಳುವ ತಗಡಿನ ಡಬ್ಬಿಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದೆ. ತಗಡು ಸಿಮೆಂಟಿಗೆ ತಾಗಿ ಕಿರ್ ಎಂದಿತು.

ಮೇಡಂ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಅತ್ತೆ, "ಯಾರವ್ವ? ಯಾವೂರು?" ಎಂದು ಶುರುಮಾಡಿಯೇಬಿಟ್ಟರು. ಮೇಡಂ ಊರು ಹೇಳಿದರು. ಆ ಊರಿನಲ್ಲಿ ಅತ್ತೆಗೆ ಗೊತ್ತಿದ್ದವರೊಬ್ಬರು ಇದ್ದೇ ಇದ್ದರು. "ಸೀರೆ ಯಾವ ಬಣ್ಣ?" ಎಂದು ಕೈ ಚಾಚಿದರು. ಅವರ ಬೆರಳಿನ ತುದಿಯಲ್ಲಿ ಸುಣ್ಣ ಇತ್ತು. ನಾನು ಸೀರೆಯನ್ನು ಹಿಂದಕ್ಕೆ ಎಳೆದುಕೊಳ್ಳಲು ಹೋದೆ. ಅಷ್ಟರಲ್ಲಿ ಮೇಡಂ ಎದ್ದು ಬಂದು ಮಂಚದ ಅಂಚಿನಲ್ಲಿ ಕೂತು, "ಹಸಿರು ಒಡಲು, ಕೆಂಪು ಅಂಚು ಅಜ್ಜಿ" ಎನ್ನುತ್ತ ಸೆರಗನ್ನು ಅವರ ತೊಡೆಯ ಮೇಲೆ ಹರವಿದರು. ಅತ್ತೆ ಬೆರಳನ್ನು ತಮ್ಮ ಸೀರೆಗೆ ಒರೆಸಿಕೊಂಡು, ಅಂಚನ್ನು ನಿಧಾನವಾಗಿ ಸವರಿದರು. ನಾನು ಸೂಜಿ ಹುಡುಕುವವಳ ಹಾಗೆ ತಲೆ ತಗ್ಗಿಸಿಕೊಂಡಿದ್ದೆ.

ಮೇಡಂ ಹೋದ ಮೇಲೆ ಗೇಟು ಮುಚ್ಚಿದ ಸದ್ದಾಗುವವರೆಗೆ ಅತ್ತೆ ಕಾದರು.

"ಡಬ್ಬಿ ಎಲ್ಲಿ?"

ಬಗ್ಗಿ, ಮಂಚದಡಿಯಿಂದ ಎಳೆದು ತಂದು, ಅವರ ಕೈ ಹಿಡಿದು ಅದರ ಅಂಚಿಗೆ ಮುಟ್ಟಿಸಿದೆ. "ಇಲ್ಲಿ ಐತೆ ಅತ್ತೆ. ಇನ್ನು ಸರ್ಸಲ್ಲ" ಎಂದೆ.

ಅವರು ಡಬ್ಬಿಯನ್ನು ಒಮ್ಮೆ ತಡವಿ, ದೂರ ಎಷ್ಟಿದೆ ಎಂದು ಕೈಗೆ ಗುರುತು ಮಾಡಿಕೊಂಡರು.

"ಸರ್ಸಬ್ಯಾಡ ಅಂತ ನಾನೆಲ್ಲಿ ಅಂದೆ?" ಎಂದರು. "ಸರ್ಸಾದಾದ್ರೆ ನನ್ನ ಕೇಳಿ ಸರ್ಸು."